ಕವರು ಎಸೆಯಬೇಡಿ



ಪ್ರಧಾನ ಭಾಷಣಕ್ಕೆ ಸಾಹಿತಿಗಳನ್ನೋ ವಿಜ್ಞಾನಿಗಳನ್ನೋ ಕರೆಯುವುದು ವಾಡಿಕೆ. ಈ ಸಲ ಒಬ್ಬ ಲೆಕ್ಕಪರಿಶೋಧಕನನ್ನು ಕರೆದಿದ್ದೀರಿ. ಕಾರ್ಯದರ್ಶಿಗಳು ಫೋನು ಮಾಡಿದಾಗ ತೆರಿಗೆಯ ಬಗ್ಗೆ ಹೇಳಬೇಕೇನೋ ಅಂದುಕೊಂಡೆ. "ಅಯ್ಯೋ ಬೇಡ, ಏಪ್ರಿಲ್ ತಿಂಗಳಲ್ಲಿ ಅದು ಸಾಕಾಗಿರುತ್ತೆ, ನಿಮ್ಮ ಸ್ಟಾಂಪಿನ ಹುಚ್ಚಿನ ಬಗ್ಗೆ ಹೇಳಿ" ಅಂದರು. ಒಂದು ಸಣ್ಣ ತಿದ್ದುಪಡಿ. ನನ್ನ ಹುಚ್ಚು ಸ್ಟಾಂಪಿನದಲ್ಲ, ಕವರಿನದು. ಎರಡಕ್ಕೂ ಏನು ವ್ಯತ್ಯಾಸ ಅಂತ ನಮ್ಮ ಮನೆಯವರೇ ಇನ್ನೂ ಕೇಳುತ್ತಾರೆ. ಅದನ್ನು ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ನಾವೆಲ್ಲ ಚಿಕ್ಕಂದಿನಲ್ಲಿ ಮಾಡುತ್ತಿದ್ದುದು ಏನು? ಬಂದ ಕವರಿನ ಮೂಲೆ ಹರಿದು, ಬಟ್ಟಲಲ್ಲಿ ನೀರು ಹಾಕಿ ನೆನೆಸಿ, ಸ್ಟಾಂಪು ಬಿಡಿಸಿ, ಹಳೆಯ ಪಂಚಾಂಗದ ನಡುವೆ ಒಣಗಿಸಿ, ನೋಟ್‌ಬುಕ್ಕಿಗೆ ಅಂಟಿಸುವುದು. ಕವರು ಒಲೆಗೆ. ಅಂಚೆ ಇಲಾಖೆಯೇ ಸ್ಟಾಂಪನ್ನು ಅಚ್ಚು ಹಾಕಿ ಮಾರುತ್ತಿದ್ದ ಲಕೋಟೆಗೂ ಅದೇ ಗತಿ. ಮುದ್ರೆ ಇದ್ದ ಚೌಕವನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಇದು ನಮ್ಮ ಊರಿನ ಹುಡುಗರು ಮಾತ್ರ ಮಾಡಿದ್ದಲ್ಲ. ಅಮೆರಿಕದ ಅಂಚೆ ಇಲಾಖೆ 1853ರಲ್ಲಿ ನ್ಯೂಯಾರ್ಕಿನ ನೆಸ್ಬಿಟ್ ಎಂಬ ಮುದ್ರಕನಿಂದ ವಾಷಿಂಗ್ಟನ್ನರ ತಲೆ ಉಬ್ಬಚ್ಚು ಹಾಕಿಸಿದ ಲಕೋಟೆಗಳನ್ನು ಮಾರತೊಡಗಿತು. ಅವನ್ನೂ ಆಗಿನ ಹವ್ಯಾಸಿಗಳು ಹೀಗೇ ಚೌಕ ತುಂಡು ಮಾಡಿ ಆಲ್ಬಂಗೆ ಅಂಟಿಸಿದರು. ಹಾಗಾಗಿ ಇವತ್ತು ಅನೇಕ ಮುದ್ರೆಗಳ ಚೌಕ ತುಂಡು ಸುಲಭವಾಗಿ ಸಿಗುತ್ತದೆ, ಇಡೀ ಲಕೋಟೆ ಹುಡುಕಿದರೂ ಸಿಗುವುದಿಲ್ಲ. ಇಡೀ ಲಕೋಟೆಯನ್ನೇ ಓದುವವರಿಗಾಗಿ ಇಲ್ಲಿ 1945ರಿಂದ ಯುನೈಟೆಡ್ ಪೋಸ್ಟಲ್ ಸ್ಟೇಷನರಿ ಸೊಸೈಟಿ ಇದೆ. ಆ ಮಂದಿ ಲಕೋಟೆಯನ್ನು ದೀಪಕ್ಕೆ ಹಿಡಿದು ನೀರುಗುರುತು ನೋಡುತ್ತಾರೆ. ಗುತ್ತಿಗೆ ಬದಲಾದಾಗ ಅಮೆರಿಕದ ಲಕೋಟೆಗಳ ನೀರುಗುರುತೂ ಬದಲಾಗುತ್ತಿತ್ತು, ಆದ್ದರಿಂದ ಅದು ಕಾಲ ಹೇಳುತ್ತದೆ. ಅಂಟು ಬಿಡಿಸಿ ಹರಡಿದರೆ ಕಾಗದವನ್ನು ಯಾವ ಆಕಾರದಲ್ಲಿ ಕತ್ತರಿಸಿದ್ದಾರೆ ಅಂತ ತಿಳಿಯುತ್ತದೆ. ಅದಕ್ಕೆ ಅವರ ಭಾಷೆಯಲ್ಲಿ 'ನೈಫ್' ಅನ್ನುತ್ತಾರೆ. ನನ್ನ ಹೆಂಡತಿಗೆ ಇದನ್ನು ವಿವರಿಸುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿರುತ್ತದೆ.

ಕವರು ಎಸೆಯಬಾರದು ಅಂತ ನನಗೆ ಕಲಿಸಿದ್ದು ಈ ಸೊಸೈಟಿಯಲ್ಲ, ತಿಪಟೂರಿನ ಕೊಬ್ಬರಿ ಮಂಡಿ. ನಮ್ಮಪ್ಪ ಅಲ್ಲಿ ಗುಮಾಸ್ತರು. ಉತ್ತರ ಭಾರತದ ವ್ಯಾಪಾರಿಗಳಿಂದ ದಿನಾ ಟಪಾಲು ಬರುತ್ತಿತ್ತು. ಹುಲಿಮುಖದ 15 ಪೈಸೆ ಕಾರ್ಡು, ನವಿಲಿನ ಇನ್‌ಲ್ಯಾಂಡು, ಚೆಕ್ಕು ಡ್ರಾಫ್ಟು ಇದ್ದರೆ ರಿಜಿಸ್ಟರ್ ಕವರು. ಗೋಡೆಯ ಮೇಲೆ ಒಂದು ಕಂಬಿ ನೇತಾಡುತ್ತಿತ್ತು, ಬುಡದಲ್ಲಿ ಮರದ ಬಿಲ್ಲೆ. ಓದಿ ಆದ ಕಾಗದವನ್ನು ಆ ಕಂಬಿಗೆ ಚುಚ್ಚಿ ಇಳಿಬಿಡುವುದು, ಕವರಿನ ಸಮೇತ. ಸ್ಟಾಂಪಿನ ಆಸೆಗೆ ನಾನು ಕೈ ಹಾಕಿದರೆ ಅಪ್ಪ, "ಹರೀಬೇಡ ಕಣೋ, ತಾರೀಖು ಇರೋದು ಕವರಿನ ಮೇಲೆ" ಅನ್ನುತ್ತಿದ್ದರು. ಕೊಬ್ಬರಿ ಧಾರಣೆ ದಿನದಿನಕ್ಕೆ ಏರಿಳಿಯುವ ಮಾಲು. 'ಇಂಥ ದರಕ್ಕೆ ನೂರು ಮೂಟೆ ಕಳಿಸಿ' ಅಂತ ಬರೆದವನು ಎಂದು ಬರೆದ, ನಮಗೆ ಎಂದು ಮುಟ್ಟಿತು ಅನ್ನುವುದರ ಮೇಲೆ ಜಗಳ. ಕಾಗದದ ಒಳಗೆ ಯಾವ ತಾರೀಖು ಬೇಕಾದರೂ ಬರೆಯಬಹುದು. ಅಂಚೆಯ ಠಸ್ಸೆ ಮಾತ್ರ ಮೂರನೆಯವನ ಸಾಕ್ಷಿ. ಮುಂಭಾಗದಲ್ಲಿ ಹೊರಟ ಊರಿನದು, ಬೆನ್ನ ಮೇಲೆ ಮುಟ್ಟಿದ ಊರಿನದು. ಆ ಕಂಬಿಯಿಂದ ಬಂದ ಕಾರ್ಡುಗಳೆಲ್ಲ ನಡುವೆ ತೂತಾಗಿವೆ. ಹರಾಜಿನ ಪಟ್ಟಿಯಲ್ಲಿ ಅದನ್ನು 'ದೋಷ' ಅಂತ ಬರೆಯುತ್ತಾರೆ. ನನಗೆ ಆ ತೂತು ಕಂಡರೆ ಸಂತೋಷ, ಇದು ಯಾವುದೋ ಮಂಡಿಯ ಕಡತದಿಂದ ಬಂದದ್ದು ಅಂತ ಗೊತ್ತಾಗುತ್ತದಲ್ಲ.

ಮುಂದೆ ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಇದೇ ಪಾಠ ಪುಸ್ತಕದಲ್ಲಿ ಸಿಕ್ಕಿತು. ಇಲ್ಲಿ ಕೂತಿರುವ ಸಿ.ಎ.ಗಳಿಗೆ ನೆನಪಿರಬೇಕು, 1872ರ ಭಾರತೀಯ ಕರಾರು ಕಾಯ್ದೆಯ 4ನೇ ಸೆಕ್ಷನ್. ಒಪ್ಪಿಗೆಯ ಕಾಗದವನ್ನು ಅಂಚೆಗೆ ಹಾಕಿ ಅದು ಕೈತಪ್ಪಿದ ಗಳಿಗೆಗೇ, ಪ್ರಸ್ತಾಪ ಕಳಿಸಿದವನು ಅದಕ್ಕೆ ಕಟ್ಟುಬೀಳುತ್ತಾನೆ. ಕಾಗದ ಅವನಿಗೆ ಮುಟ್ಟುವವರೆಗೆ ಕಾಯಬೇಕಿಲ್ಲ. ಅಮೆರಿಕಕ್ಕೆ ಬಂದು ಇಲ್ಲಿನ ತೆರಿಗೆ ಕಾನೂನು ಓದಿದರೆ 7502ನೇ ಸೆಕ್ಷನ್ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿದೆ. ಗಡುವಿನ ದಿನದೊಳಗೆ ಠಸ್ಸೆ ಬಿದ್ದಿದ್ದರೆ, ರಿಟರ್ನ್ ತಡವಾಗಿ ತಲುಪಿದರೂ ಸಕಾಲದಲ್ಲಿ ಸಲ್ಲಿಸಿದಂತೆ. ಲಕ್ಷಾಂತರ ಡಾಲರಿನ ದಂಡ ಬೀಳುವುದೂ ತಪ್ಪುವುದೂ ಕವರಿನ ಮೇಲಿನ ಒಂದು ದುಂಡು ಮಸಿ ಗುರುತಿನಿಂದ. ಆಡಿಟ್‌ನಲ್ಲೂ ಹಾಗೆ. ಬಾಕಿದಾರರಿಗೆ ದೃಢೀಕರಣದ ಕಾಗದ ಕಳಿಸುವಾಗ ಉತ್ತರದ ಕವರಿನ ಮೇಲೆ ಕಂಪನಿಯ ವಿಳಾಸ ಇರಕೂಡದು, ಆಡಿಟರ ವಿಳಾಸವೇ ಇರಬೇಕು. ಒಳಗಿನ ಬರಹಕ್ಕಿಂತ ಅದು ಬಂದ ದಾರಿಯನ್ನು ನಂಬುವುದು ನಮ್ಮ ವೃತ್ತಿಯ ಅಭ್ಯಾಸ.

ಹಾಗಂತ ಠಸ್ಸೆಯೂ ದೇವರಲ್ಲ. ವಾಷಿಂಗ್ಟನ್ನಿನವರು ಯೂನಿಯನ್ ಸ್ಟೇಷನ್ ಪಕ್ಕದಲ್ಲಿರುವ ರಾಷ್ಟ್ರೀಯ ಅಂಚೆ ವಸ್ತುಸಂಗ್ರಹಾಲಯಕ್ಕೆ ಹೋಗಿರಬಹುದು. ಹೋಗದಿದ್ದರೆ ಹೋಗಿ, ಪ್ರವೇಶ ಪುಕ್ಕಟೆ. 1914ರ ಹಳೆಯ ನಗರ ಅಂಚೆ ಕಚೇರಿಯ ಕಟ್ಟಡ, 1993ರಿಂದ ಮ್ಯೂಸಿಯಂ ಆಗಿದೆ. ಅಲ್ಲಿ ಎಲ್ಲರೂ ಮುಗಿಬೀಳುವುದು ವಿಮಾನ ತಲೆಕೆಳಗಾಗಿ ಅಚ್ಚಾದ 24 ಸೆಂಟಿನ ಸ್ಟಾಂಪಿನ ಮುಂದೆ. 1918ರ ಮೇ 14ರಂದು ನ್ಯೂಯಾರ್ಕ್ ಅವೆನ್ಯೂ ಅಂಚೆ ಕಚೇರಿಯಲ್ಲಿ ವಿಲಿಯಂ ರೋಬಿ ಎಂಬಾತ 24 ಡಾಲರ್ ಕೊಟ್ಟು ಅದರ ಇಡೀ ಹಾಳೆ ಕೊಂಡ, ಕೆಲವೇ ದಿನಗಳಲ್ಲಿ 15,000 ಡಾಲರಿಗೆ ಮಾರಿದ. ಕೇಳಲು ಚಂದ. ಆದರೆ ಅದು ಲಾಟರಿ, ಹವ್ಯಾಸವಲ್ಲ. ನನಗೆ ಇಷ್ಟವಾದದ್ದು ಅದರ ಮಾರನೆಯ ದಿನದ ಕಥೆ. ಮೇ 15, ವಾಷಿಂಗ್ಟನ್-ಫಿಲಡೆಲ್ಫಿಯಾ-ನ್ಯೂಯಾರ್ಕ್ ವಿಮಾನ ಅಂಚೆಯ ಮೊದಲ ದಿನ. ಪೊಟೋಮ್ಯಾಕ್ ಪಾರ್ಕಿನಲ್ಲಿ ಅಧ್ಯಕ್ಷ ವಿಲ್ಸನ್ ಬಂದು ನಿಂತಿದ್ದಾರೆ. ವಿಮಾನ ಸ್ಟಾರ್ಟೇ ಆಗಲಿಲ್ಲ, ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲಿಲ್ಲ. ಹಾಕಿಸಿಕೊಂಡು ಹೊರಟ ಪೈಲಟ್ ಬಾಯ್ಲ್ ಉತ್ತರಕ್ಕೆ ಹೋಗುವ ಬದಲು ದಕ್ಷಿಣಕ್ಕೆ ಹಾರಿ ಮೇರಿಲ್ಯಾಂಡಿನ ವಾಲ್ಡಾರ್ಫ್ ಬಳಿ ಹೊಲಕ್ಕೆ ಇಳಿದ, ವಿಮಾನ ಮಗುಚಿತು. ಟಪಾಲನ್ನು ರಸ್ತೆಯಲ್ಲಿ ವಾಪಸು ತಂದು ಮರುದಿನ ಹಾರಿಸಿದರು. ಆದರೆ ಆ ಕವರುಗಳ ಮೇಲಿರುವ ಠಸ್ಸೆ ಮೇ 15ರದ್ದೇ! ವೋಚರಿನ ತಾರೀಖು ಒಂದು, ವ್ಯವಹಾರ ನಡೆದದ್ದು ಇನ್ನೊಂದು ದಿನ. ಅಲಹಾಬಾದಿನಿಂದ ನೈನಿಗೆ ಸಾವಿರಾರು ಕಾಗದಗಳನ್ನು ವಿಮಾನದಲ್ಲಿ ಒಯ್ದದ್ದು ಇದಕ್ಕೂ ಏಳು ವರ್ಷ ಮೊದಲು, 1911ರ ಫೆಬ್ರವರಿ 18ರಂದು. ಅದು ದಾರಿ ತಪ್ಪಲಿಲ್ಲ ಅಂತ ಈ ದೇಶದ ಗೆಳೆಯರಿಗೆ ಹೇಳುವುದು ನನಗೊಂದು ಚಪಲ.

ನಾನು ಮೊದಲು ಅಟ್ಲಾಂಟಾದಲ್ಲಿದ್ದೆ, ಆಮೇಲೆ ಶಾರ್ಲೆಟ್‌ನಲ್ಲಿ, ಈಗ ಆರು ವರ್ಷದಿಂದ ರಾಕ್‌ವಿಲ್‌ನಲ್ಲಿ. ದಕ್ಷಿಣದಲ್ಲಿದ್ದಾಗ ಅಲ್ಲಿನ ಲಕೋಟೆಗಳನ್ನು ನೋಡಲು ಕಲಿತೆ. 1861ರಲ್ಲಿ ದಕ್ಷಿಣದ ರಾಜ್ಯಗಳು ಬೇರೆಯಾದಾಗ ಅಲ್ಲಿನ ಅಂಚೆ ಕಚೇರಿಗಳಲ್ಲಿ ಉಳಿದಿದ್ದ ಸ್ಟಾಂಪು, ಲಕೋಟೆಗಳನ್ನು ಅವರು ಹಣದಂತೆ ಬಳಸದಿರಲಿ ಅಂತ ವಾಷಿಂಗ್ಟನ್ ಸರ್ಕಾರ ಹಳೆಯವನ್ನೆಲ್ಲ ರದ್ದು ಮಾಡಿ ಹೊಸದು ತಂದಿತು. ಬದಲಾಯಿಸಿಕೊಳ್ಳಲು ಕೆಲವೇ ದಿನಗಳ ಗಡುವು. 2016ರ ನವೆಂಬರ್‌ನಲ್ಲಿ ಊರಿನಲ್ಲಿ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇತ್ತ ದಕ್ಷಿಣದ ಅಂಚೆ ಜೂನ್ 1ರಂದೇ ತನ್ನ ಕೆಲಸ ಶುರುಮಾಡಿತ್ತು, ಅದರ ಮೊದಲ ಸ್ಟಾಂಪು ಬಂದದ್ದು ಅಕ್ಟೋಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಏನು ಮಾಡುವುದು? ಆಯಾ ಊರಿನ ಪೋಸ್ಟ್‌ಮಾಸ್ಟರ್‌ಗಳು ತಾವೇ ಲಕೋಟೆಗೆ ಮುದ್ರೆ ಒತ್ತಿ ಮಾರಿದರು. ಚಾರ್ಲ್‌ಸ್ಟನ್ನಿನಲ್ಲಿ 5 ಸೆಂಟಿನ ಲಕೋಟೆ ಅಚ್ಚಾಯಿತು. ಕೊಲಂಬಿಯಾ, ರಾಲಿ, ಸೇಲಂ, ಅಟ್ಲಾಂಟಾಗಳಲ್ಲಿ 'ಪೇಯ್ಡ್' ಎಂಬ ಕೈಮುದ್ರೆ. ಇವತ್ತು ಅವು ನನ್ನಂಥವನ ಕೈಗೆಟುಕುವ ವಸ್ತುಗಳಲ್ಲ.

ಯುದ್ಧ ಬೆಳೆದಂತೆ ಕಾಗದವೇ ಇಲ್ಲದಾಯಿತು. ಬಂದ ಲಕೋಟೆಯನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ಮತ್ತೆ ಅಂಟಿಸಿ ಕಳಿಸಿದರು. ಗೋಡೆಗೆ ಅಂಟಿಸುವ ಹೂವಿನ ಕಾಗದದಿಂದ, ಅಚ್ಚಾದ ಫಾರಂಗಳಿಂದ, ಲೆಕ್ಕದ ಪುಸ್ತಕದ ಹಾಳೆಯಿಂದ ಲಕೋಟೆ ಮಾಡಿದರು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹಳೆಯ ಕವರಿನ ಮೇಲೆ ಎಕಾನಮಿ ಸ್ಲಿಪ್ ಅಂಟಿಸಿ ಮತ್ತೆ ಬಳಸುತ್ತಿದ್ದುದನ್ನು ಕಂಡವರಿಗೆ ಈ ಮಿತವ್ಯಯ ಹೊಸದಲ್ಲ. ಜನವರಿಯಲ್ಲಿ ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸ್‌ನಲ್ಲಿ ನಡೆಯುವ ಸ್ಟಾಂಪು ಮೇಳದಲ್ಲಿ ಅಂಥದೊಂದನ್ನು ಕೈಗೆತ್ತಿಕೊಂಡು ನೋಡಿದ್ದೇನೆ. ಲಕೋಟೆಯ ಒಳಗೆ ಖತಾವಣಿಯ ಕೆಂಪು ಗೆರೆ, ಅಂಕಿಗಳ ಸಾಲು. ಮೊದಲ ಕ್ಷಣ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮರುಕ್ಷಣ ಆ ಕಾಲದ ಆ ಊರಿನ ಲೆಕ್ಕದ ಪುಸ್ತಕಗಳಲ್ಲಿ ಮನುಷ್ಯರೂ ಆಸ್ತಿಯ ಕಲಮಿನಲ್ಲಿ, ಹೆಸರು, ವಯಸ್ಸು, ಬೆಲೆಯ ಸಮೇತ ಬರುತ್ತಿದ್ದರು ಅನ್ನುವುದು ನೆನಪಾಯಿತು. ವಾಪಸು ಇಟ್ಟು ಬಂದೆ. ಕೊಳ್ಳುವವರನ್ನು ನಾನು ದೂರುವುದಿಲ್ಲ. ಅದು ದಾಖಲೆ, ಯಾರಾದರೂ ಇಟ್ಟುಕೊಳ್ಳಲೇಬೇಕು.

ಈಗ ನಮ್ಮ ಕವರುಗಳಿಗೆ ಬರೋಣ.

ಮೈಸೂರಿಗೆ 1889ರವರೆಗೆ ತನ್ನದೇ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದದ್ದು. ಆ ವರ್ಷ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು, ಸ್ವಂತ ಸ್ಟಾಂಪು ಮೈಸೂರು ಹೊರಡಿಸಲಿಲ್ಲ. ಆದ್ದರಿಂದ ಕನ್ನಡನಾಡಿನ ಅಂಚೆ ಚರಿತ್ರೆ ಓದಬೇಕಾದರೆ ಸ್ಟಾಂಪಿನ ಆಲ್ಬಂ ಉಪಯೋಗಕ್ಕೆ ಬಾರದು, ಕವರೇ ಬೇಕು. ಒಂದೇ ಒಂದು ಹಳೆಯ ವಿಳಾಸ ಎಷ್ಟು ಹೇಳುತ್ತದೆ ನೋಡಿ. ಧಾರವಾಡದ ವಿಳಾಸಕ್ಕೆ ಬಾಂಬೆ ಪ್ರಾಂತ್ಯ ಅಂತ ಇದ್ದರೆ 1956ರ ನವೆಂಬರ್ 1ಕ್ಕೆ ಮುಂಚಿನದು. ಕಾಸರಗೋಡಿಗೆ ಸೌತ್ ಕೆನರಾ ಅಂತಿದ್ದರೆ ಅದೂ ಹಾಗೆಯೇ, ಆಮೇಲೆ ಅದೇ ಮನೆ, ಅದೇ ಕನ್ನಡದ ಕೈಬರಹ, ಕೆಳಗೆ ಕೇರಳ. ಕಲಬುರಗಿ, ರಾಯಚೂರಿನ ಕವರಾದರೆ 1950ರವರೆಗೆ ನಿಜಾಮರ ಸ್ಟಾಂಪು ಕಾಣಬಹುದು. 'ನಯಾ ಪೈಸೆ' ಅಂತಿದ್ದರೆ 1957ರ ಏಪ್ರಿಲ್ ನಂತರದ್ದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. 'ಮೈಸೂರು ರಾಜ್ಯ' ಅಂತಿದ್ದರೆ ಬರೆದದ್ದು 1973ರ ನವೆಂಬರ್ 1ಕ್ಕೆ ಮೊದಲು ಇರಬೇಕು. ಹೊಸ ಹೆಸರು ಬಾಯಿಗೆ ಹತ್ತದ ಅಜ್ಜಂದಿರು ಮಾತ್ರ ಆಮೇಲೂ ಹಾಗೇ ಬರೆಯುತ್ತಿದ್ದರು, ಆದ್ದರಿಂದ ಇದೊಂದನ್ನು ಪೂರ್ತಿ ನಂಬಬೇಡಿ. ಹಳೆಯ ಬೆಲೆಯ ಲಕೋಟೆಯ ಮೇಲೆ ಪಕ್ಕದಲ್ಲಿ ಇನ್ನೊಂದು ಸಣ್ಣ ಸ್ಟಾಂಪು ಅಂಟಿಸಿದ್ದರೆ, ಅಂಚೆ ದರ ಏರಿದೆ, ಮನೆಯಲ್ಲಿ ಹಳೆಯ ದಾಸ್ತಾನು ಉಳಿದಿತ್ತು ಅಂತ ಅರ್ಥ. ನಮ್ಮ ಭಾಷೆಯಲ್ಲಿ ಅದು ಹೊಂದಾಣಿಕೆ ನಮೂದು.

ಕ್ಯಾಟಲಾಗು ಹೇಳದ, ನಮಗೆ ಮಾತ್ರ ಓದಲು ಬರುವ ಗುರುತುಗಳೂ ಇವೆ. ವರ್ಜೀನಿಯಾದ ಮೆಕ್ಲೀನ್‌ನಲ್ಲಿ ಪ್ರತಿ ಜೂನ್‌ಗೆ ನಡೆಯುವ ನಾಪೆಕ್ಸ್ ಮೇಳದಲ್ಲಿ ಒಬ್ಬ ವ್ಯಾಪಾರಿಯ ಡಬ್ಬದಲ್ಲಿ ಭಾರತದ ಹಳೆಯ ಕವರುಗಳನ್ನು ಕೆದಕುತ್ತಿದ್ದೆ. ಒಂದರ ಮೇಲೆ ಪೆನ್ಸಿಲ್‌ನಲ್ಲಿ 'ನಾಲ್ಕೂ ಮೂಲೆ ಕಲೆಯಾಗಿದೆ' ಅಂತ ಇಂಗ್ಲಿಷಿನಲ್ಲಿ ಬರೆದು ಬೆಲೆ ಇಳಿಸಿದ್ದರು. ಕಲೆ ಹಳದಿ ಬಣ್ಣದ್ದು, ಅಳತೆ ಮಾಡಿ ಇಟ್ಟಂತೆ ನಾಲ್ಕೂ ಮೂಲೆಗೆ ಒಂದೊಂದು. ನಿಮಗೆಲ್ಲ ಗೊತ್ತಾಗಿ ನಗುತ್ತಿದ್ದೀರಿ. ಹೌದು, ಅರಿಶಿನ. ಮದುವೆಯ ಕರೆಯೋಲೆ. ಎರಡು ಡಾಲರ್ ಕೊಟ್ಟು ತಂದೆ. ಆ ವ್ಯಾಪಾರಿಗೂ ವಿಷಯ ಹೇಳಿದೆ, ಪಾಪ, ಅವರು ಅದನ್ನು ಕಾರ್ಡಿನ ಮೇಲೆ ಬರೆದುಕೊಂಡರು. ಮುಂದಿನ ವರ್ಷ ಅರಿಶಿನದ ಕವರಿಗೆ ಆರು ಡಾಲರ್ ಹಾಕಿದ್ದರು!

ಇದರ ಇನ್ನೊಂದು ಮಗ್ಗುಲೂ ಇದೆ. ಸಾವಿನ ಸುದ್ದಿಯ ಕಾಗದವನ್ನು ನಮ್ಮ ಕಡೆ ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಮೂಲೆ ಹರಿದ ಕಾರ್ಡು ಬಂದರೆ ಅಂಚೆಯವನ ಮುಖ ನೋಡಿದರೇ ತಿಳಿಯುತ್ತಿತ್ತು. ಹೊರಗೇ ಓದಿ, ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುವುದು. ಆದ್ದರಿಂದ ಒಂದು ಮನೆತನದ ಟ್ರಂಕಿನಲ್ಲಿ ನೂರಾರು ಕಾಗದಗಳಿದ್ದರೂ ಸಾವುಗಳು ಇರುವುದಿಲ್ಲ. ಮದುವೆ, ಹೆರಿಗೆ, ಪರೀಕ್ಷೆ, ಸಾಲ, ಅಡಿಕೆ ದರ ಎಲ್ಲ ಇರುತ್ತದೆ. ಒಬ್ಬರ ಹೆಸರು ಮಾತ್ರ ಒಂದು ತಿಂಗಳಿನಿಂದ ಮುಂದೆ ಕಾಣಿಸುವುದೇ ಇಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಸಂಗತಿ. 1965ರ ವಲಸೆ ಕಾಯ್ದೆಯ ನಂತರ ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ಬಂದ ನಮ್ಮ ಮೊದಲ ತಲೆಮಾರಿನವರು ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುತ್ತಿದ್ದಾರೆ, ಕೆಲವರು ತೀರಿಹೋಗುತ್ತಿದ್ದಾರೆ. ಬೇಸ್‌ಮೆಂಟುಗಳು ಖಾಲಿಯಾಗುತ್ತಿವೆ. ನನ್ನ ಹತ್ತಿರ ತೆರಿಗೆ ಲೆಕ್ಕ ಬರೆಸುತ್ತಿದ್ದ ಮಲೆನಾಡಿನ ಹಿರಿಯರೊಬ್ಬರು ಎರಡು ವರ್ಷದ ಹಿಂದೆ ಹೋದರು. 1968ರಲ್ಲಿ ಮೇರಿಲ್ಯಾಂಡಿಗೆ ಬಂದವರು. ಆಸ್ತಿಯ ಕಾಗದಪತ್ರಕ್ಕಾಗಿ ಅವರ ಮಗಳು ನನ್ನನ್ನು ಕರೆಸಿದ್ದರು. ಎಲ್ಲ ಮುಗಿದ ಮೇಲೆ ಒಂದು ಬಿಸ್ಕತ್ತಿನ ಡಬ್ಬ ತಂದು ಮುಂದಿಟ್ಟು, "ಇದು ಅಜ್ಜಿ ಅಪ್ಪನಿಗೆ ಬರೆದದ್ದು. ನನಗೆ ಕನ್ನಡ ಮಾತಾಡಕ್ಕೆ ಬರುತ್ತೆ, ಓದಕ್ಕೆ ನಿಧಾನ. ಸ್ವಲ್ಪ ಜೋಡಿಸಿಕೊಡ್ತೀರಾ?" ಅಂದರು.

ಡಬ್ಬದಲ್ಲಿ ಏರೋಗ್ರಾಮ್‌ಗಳು ಒಂದು ಕಟ್ಟು, ಬಿಡಿ ಕಾಗದಗಳು ಒಂದು ಕಟ್ಟು. ಏರೋಗ್ರಾಮ್‌ಗಳದ್ದು ತೊಂದರೆಯಿಲ್ಲ. ಕಾಗದವೂ ಅದೇ ಕವರೂ ಅದೇ, ಠಸ್ಸೆ ಅದರ ಮೇಲೇ ಇರುತ್ತದೆ. ಆ ಹಿರಿಯರು ಕೆನಡಿ ಚಿತ್ರದ 13 ಸೆಂಟಿನ ಏರೋಗ್ರಾಮ್‌ನಲ್ಲಿ ಅಮ್ಮನಿಗೆ ಬರೆದು, ಅದು ವಾಪಸು ಊರಿನಿಂದ ಬಂದ ಸಾಮಾನಿನ ಜೊತೆ ಇಲ್ಲಿಗೇ ಬಂದದ್ದೂ ಎರಡು ಸಿಕ್ಕವು. ಆದರೆ ಏರೋಗ್ರಾಮ್‌ನೊಳಗೆ ಏನೂ ಇಡುವಂತಿರಲಿಲ್ಲ, ನಿಮಗೆ ನೆನಪಿರಬಹುದು. ಫೋಟೋ, ಕುಂಕುಮ, ಜಾತಕದ ನಕಲು, ಜಮೀನಿನ ಪಹಣಿ, ಇವೆಲ್ಲ ಹೋಗುತ್ತಿದ್ದುದು ಕವರಿನಲ್ಲಿ. ಮುಖ್ಯವಾದ ವಿಷಯವೆಲ್ಲ ಕವರಿನಲ್ಲಿ. ಆ ಕವರುಗಳು ಒಂದೂ ಇರಲಿಲ್ಲ. ವರ್ಷಗಳ ಹಿಂದೆ ಪಕ್ಕದ ಮನೆಯ ಹುಡುಗನಿಗೆ ಸ್ಟಾಂಪಿನ ಆಸೆ ಅಂತ ಎಲ್ಲ ಕೊಟ್ಟುಬಿಟ್ಟಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು.

ಅಜ್ಜಿ ತಾರೀಖು ಹಾಕುತ್ತಿದ್ದುದು ನಮ್ಮ ಹಿರಿಯರೆಲ್ಲ ಹಾಕುತ್ತಿದ್ದ ಹಾಗೆ. 'ಸೋಮವಾರ ಸಂಜೆ'. 'ಶ್ರಾವಣ ಶುದ್ಧ ಪಂಚಮಿ'. ಅಪರೂಪಕ್ಕೆ ಸಂವತ್ಸರ ಬರೆದಿದ್ದರೆ ನನಗೆ ಹಬ್ಬ. 'ಸೌಮ್ಯ' ಅಂದರೆ 1969-70, 'ಸಾಧಾರಣ' ಅಂದರೆ ಅದರ ಮರುವರ್ಷ. ಹಾಗೆ ಸುಮಾರು ಜೋಡಿಸಿದೆ. ಕೊನೆಗೆ ಎರಡು ಕಾಗದ ಉಳಿದವು. ಒಂದರಲ್ಲಿ ಅಜ್ಜಿ, ಕೆರೆಯ ಕೆಳಗಿನ ಗದ್ದೆಯನ್ನು ಯಾವ ಕಾರಣಕ್ಕೂ ಮಾರಬೇಡ, ನಾನಿರುವವರೆಗೆ ಅದು ಹಾಗೇ ಇರಲಿ ಅಂದಿದ್ದಾರೆ. ಇನ್ನೊಂದರಲ್ಲಿ, ಗದ್ದೆ ಮಾರಿ ತಮ್ಮನ ಸಾಲ ತೀರಿಸು, ನನಗೆ ಬೇಸರವಿಲ್ಲ ಅಂದಿದ್ದಾರೆ. ಗದ್ದೆ ಮಾರಿದ್ದಾಯಿತು, ಅದು ಎಲ್ಲರಿಗೂ ಗೊತ್ತು. ಅದರ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ನಿಂತದ್ದೂ ಗೊತ್ತು. ಊರಿನ ಕಡೆಯವರು ಇವತ್ತಿಗೂ ಅಮೆರಿಕದ ಮಗ ತಾಯಿಯ ಮಾತು ಮೀರಿದ ಅನ್ನುತ್ತಾರಂತೆ. ಮಗಳು ಕೇಳಿದ್ದು ಒಂದೇ ಪ್ರಶ್ನೆ, "ಅಜ್ಜಿ ಕೊನೆಗೆ ಹೇಳಿದ್ದು ಯಾವುದು?"

ಎರಡು ಕವರಿದ್ದಿದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರಿಂದ ಒಳಗಿನ ಬರಹದಲ್ಲೇ ಸುಳಿವು ಹುಡುಕಬೇಕಾಯಿತು. 'ಮಾರು' ಅಂದ ಕಾಗದದ ಅಂಚಿನಲ್ಲಿ ಅಜ್ಜಿ ಹೀಗೆ ಗೊಣಗಿದ್ದರು: ನಿನ್ನ ಅಕ್ಕನಿಗೆ ಕಾಗದ ಹಾಕಲೂ ಈಗ ಐದು ಪೈಸೆ ಜಾಸ್ತಿ ಸ್ಟಾಂಪು ಅಂಟಿಸಬೇಕಂತೆ, ಯಾವುದೋ ನಿರಾಶ್ರಿತರಿಗೆ ಅಂತೆ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಾಗ ಸರ್ಕಾರ 1971ರ ನವೆಂಬರ್ 15ರಿಂದ ಅಂಚೆಯ ಮೇಲೆ 5 ಪೈಸೆ ತೆರಿಗೆ ಹಾಕಿತು, 1973ರ ಮಾರ್ಚ್ 31ರವರೆಗೆ. ಬೇರೆ ಸ್ಟಾಂಪು ಅಚ್ಚಾಗುವಷ್ಟು ಪುರುಸೊತ್ತಿರಲಿಲ್ಲ. ಕುಟುಂಬ ಯೋಜನೆಯ 5 ಪೈಸೆ ಸ್ಟಾಂಪಿನ ಮೇಲೇ 'ರೆಫ್ಯೂಜಿ ರಿಲೀಫ್' ಅಂತ ಮರುಮುದ್ರೆ ಹಾಕಿದರು. ಸರಬರಾಜು ಬರುವವರೆಗೆ ಬೆಂಗಳೂರು, ಜೈಪುರ ಮುಂತಾದ ಕಡೆ ಸ್ಥಳೀಯವಾಗಿಯೇ ಮರುಮುದ್ರೆ ಒತ್ತಿದರು. ಅಂದರೆ 'ಮಾರು' ಅಂದ ಕಾಗದ ಆ ಹದಿನಾರೂವರೆ ತಿಂಗಳ ಒಳಗಿನದು, ಇದು ಖಚಿತ.

'ಮಾರಬೇಡ' ಅಂದ ಕಾಗದದಲ್ಲಿ ಅಂಥ ಸುಳಿವು ಒಂದೂ ಇಲ್ಲ. ಮಳೆ, ದನ, ಅಕ್ಕನ ಮಗಳ ಮದುವೆ ಮಾತು. ಕಾಗದ ಅದೇ, ಮಸಿ ಅದೇ. ಅದು ಮೊದಲಿನದೋ ಆಮೇಲಿನದೋ ನಾನು ಹೇಳಲಾರೆ. ಆಡಿಟ್ ವರದಿಯಲ್ಲಿ ಇದಕ್ಕೆ ನಾವು ಬಳಸುವ ಒಂದು ವಾಕ್ಯವಿದೆ, ಸಾಕಷ್ಟು ಸಾಕ್ಷ್ಯ ದೊರೆಯದ ಕಾರಣ ಅಭಿಪ್ರಾಯ ನೀಡಲಾಗುವುದಿಲ್ಲ ಅಂತ. ಆ ಮಗಳ ಮುಖ ನೋಡಿಕೊಂಡು ಆ ವಾಕ್ಯ ಹೇಳುವುದು ಕಷ್ಟವಾಯಿತು. ಅವರು ಎರಡೂ ಕಾಗದವನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿ, "ಕಾಫಿ ಮಾಡ್ತೀನಿ, ಕೂತಿರಿ" ಅಂದು ಒಳಗೆ ಹೋದರು.

ಇನ್ನು ನೀವು ಕೇಳಲಿರುವ ಪ್ರಶ್ನೆ ನನಗೆ ಗೊತ್ತು. ಇದೆಲ್ಲ ಎಷ್ಟು ಬೆಲೆ ಬಾಳುತ್ತದೆ? ಹೆಚ್ಚಿನ ಪಾಲು ಏನೂ ಇಲ್ಲ. ನಿಮ್ಮ ತಂದೆಯವರ ಐನೂರು ಕವರಿಗೆ ವ್ಯಾಪಾರಿ ಐವತ್ತು ಡಾಲರ್ ಕೊಟ್ಟರೆ ಅದೇ ದೊಡ್ಡದು. ಅಪರೂಪಕ್ಕೆ ಒಳ್ಳೆಯ ಬೆಲೆ ಬಂದರೂ ದೀರ್ಘಾವಧಿ ಲಾಭದ ಮೇಲೆ ತೆರಿಗೆ ಶೇಕಡಾ 28ರವರೆಗೆ ಹೋಗುತ್ತದೆ. ಸ್ಟಾಂಪನ್ನು ಇಲ್ಲಿನ ಕಾನೂನು ಷೇರಿನಂತೆ ನೋಡುವುದಿಲ್ಲ. ಮ್ಯೂಸಿಯಂಗೋ ಗ್ರಂಥಾಲಯಕ್ಕೋ ದಾನ ಕೊಟ್ಟು ಕಡಿತ ಕೇಳುವುದಾದರೆ 5,000 ಡಾಲರ್ ದಾಟಿದಾಗ ಅರ್ಹ ಮೌಲ್ಯಮಾಪಕರ ವರದಿ ಬೇಕು. ಊರಿನಿಂದ ತರುವವರು ಇನ್ನೊಂದು ಗಮನಿಸಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಪುರಾವಸ್ತುಗಳನ್ನು, ಚಾರಿತ್ರಿಕ ಬೆಲೆಯುಳ್ಳ ದಾಖಲೆಗಳಾದರೆ 75 ವರ್ಷ ಮೀರಿದವನ್ನು, ಪರವಾನಗಿ ಇಲ್ಲದೆ ಹೊರಗೆ ತರುವಂತಿಲ್ಲ. ಮುತ್ತಾತನ ಟ್ರಂಕನ್ನು ಸೂಟ್‌ಕೇಸಿಗೆ ಸುರಿಯುವ ಮೊದಲು ವಿಚಾರಿಸಿ. ಅಲ್ಲೇ ಚೆನ್ನಾಗಿ ಫೋಟೋ ತೆಗೆದು ಬನ್ನಿ, ಎರಡೂ ಮಗ್ಗುಲು. ಬೆನ್ನಿನ ಠಸ್ಸೆ ಮರೆಯಬೇಡಿ.

ಮನೆಯಲ್ಲಿ ಇರುವುದಕ್ಕೆ ಹೆಚ್ಚು ಖರ್ಚಿಲ್ಲ. ಬೇಸ್‌ಮೆಂಟಿನಲ್ಲಿ ಇಡಬೇಡಿ, ಅಟ್ಲಾಂಟಾದ ಗರಾಜಿನಲ್ಲಂತೂ ಬೇಡವೇ ಬೇಡ. ಸೆಲೋಟೇಪ್ ಹಚ್ಚಬೇಡಿ. ರಬ್ಬರ್ ಬ್ಯಾಂಡ್ ತೆಗೆದು ಹತ್ತಿಯ ದಾರ ಕಟ್ಟಿ. ಆಮ್ಲರಹಿತ ಕಾಗದದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಡಿ. ಯಾವ ಕಾಗದ ಯಾವ ಕವರಿನಲ್ಲಿತ್ತೋ ಅದರಲ್ಲೇ ಇರಲಿ. ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು, ವಿಳಾಸದಲ್ಲಿರುವ ಹೆಸರು ಯಾರದು, ಕೈಬರಹ ಯಾರದು ಅಂತ ಕೇಳಿ ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. 2025ರಲ್ಲಿ ಭಾರತದ ಅಂಚೆ ರಿಜಿಸ್ಟರ್ಡ್ ಪೋಸ್ಟನ್ನೇ ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿತು. ಇನ್ನು ಹೊಸ ರಿಜಿಸ್ಟರ್ ಕವರು ಹುಟ್ಟುವುದಿಲ್ಲ, ಇರುವುದಷ್ಟೇ.

ಊಟದ ಹಾಲ್‌ನ ಬಾಗಿಲ ಪಕ್ಕದಲ್ಲಿ ನನಗೊಂದು ಮೇಜು ಕೊಟ್ಟಿದ್ದಾರೆ. ಅರಿಶಿನದ ಕವರು, ತೂತಿನ ಕಾರ್ಡುಗಳು, ಒಂದು ನೆಸ್ಬಿಟ್ ಲಕೋಟೆ ಅಲ್ಲಿವೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದು, ಮೊಸರನ್ನದ ಕೈ ತೊಳೆದುಕೊಂಡು ಬಂದರೆ ಸಾಕು. ಒಂದು ಚಿಕ್ಕ ಸ್ಕ್ಯಾನರ್ ಕೂಡ ತಂದಿದ್ದೇನೆ. ನಿಮ್ಮ ಚೀಲದಲ್ಲಿ ಕವರಿದ್ದರೆ ಸ್ಕ್ಯಾನ್ ಮಾಡಿ ಅಲ್ಲೇ ವಾಪಸು ಕೊಡುತ್ತೇನೆ, ನನಗೆ ಮೂಲ ಬೇಡ. ಅದರಲ್ಲೂ 1971ರ ನವೆಂಬರ್‌ನಿಂದ 1973ರ ಮಾರ್ಚ್‌ವರೆಗೆ ಕನ್ನಡನಾಡಿನ ಯಾವುದೇ ಸಣ್ಣ ಊರಿನಲ್ಲಿ ಠಸ್ಸೆ ಬಿದ್ದ, 'ರೆಫ್ಯೂಜಿ ರಿಲೀಫ್' ಸ್ಟಾಂಪು ಅಂಟಿಸಿದ ಕವರು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತೋರಿಸಿ. ಆ ತಿಂಗಳುಗಳ ಊರೂರಿನ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ, ಇಲ್ಲಿಯವರೆಗೆ ಒಂಬತ್ತು ಊರಾಗಿವೆ. ಸಾರು ಬಿಸಿಯಾಗಿದೆ ಅಂತ ಅಡಿಗೆಯವರು ಆಗಲೇ ಎರಡು ಸಲ ಸನ್ನೆ ಮಾಡಿದರು.